ಬೆರಳಕ್ಕ ಬಾಗಿಲು ಕಲಿತದ್ದು

ಆ ಬೀದಿಯ ಮಕ್ಕಳನ್ನು ಎಲ್ಲಿ ನೋಡಿದರೂ ಗುರುತು ಹಿಡಿಯಬಹುದಿತ್ತು. ವರ್ಷದ ಮೊದಲಲ್ಲಿ ಯಾರ ಯೂನಿಫಾರಂ ಗೋಣಿಚೀಲದ ಹಾಗೆ ಜೋತುಬಿದ್ದು, ವರ್ಷದ ಕೊನೆಗೆ ಮೈಗೆ ಅಚ್ಚುಕಟ್ಟಾಗಿ ಕೂರುತ್ತಿತ್ತೋ ಅವರೆಲ್ಲ ಬೆರಳಕ್ಕನ ಗಿರಾಕಿಗಳು. "ಮಗು ಬೆಳೆಯುತ್ತೆ" ಎಂದು ಯಾವ ಅಳತೆಗಾದರೂ ಎರಡು ಬೆರಳು ಸೇರಿಸುವುದು ಅವಳ ಪದ್ಧತಿ. ಮಗುವಿಗಾದರೆ ಸರಿ. ಅರವತ್ತು ಮುಟ್ಟಿದ ಪೋಸ್ಟ್‌ಮ್ಯಾನರ ಪ್ಯಾಂಟಿಗೂ ಅವಳು ಸೊಂಟದಲ್ಲಿ ಎರಡು ಬೆರಳು ಬಿಟ್ಟಿದ್ದಳು. ಅವರು ಮುಖ ಗಂಟು ಹಾಕಿಕೊಂಡು ಕೇಳಿದಾಗ, "ರಿಟೈರ್ ಆದ್ಮೇಲೆ ಎಲ್ರಿಗೂ ಹೊಟ್ಟೆ ಬರುತ್ತೆ, ಇರಲಿ ಬಿಡಿ" ಅಂದಳು. ಬಂತು ಕೂಡ. ಅಂದಿನಿಂದ ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮರೆತೇಹೋಗಿ ಬೆರಳಕ್ಕ ಎಂಬುದೇ ಕಾಯಂ ಆಯಿತು.

ಇಪ್ಪತ್ತಾರು ವರ್ಷ ಹೊಲಿದಳು. ಆಮೇಲೆ ಬೀದಿಯ ಎರಡೂ ತುದಿಗೆ ರೆಡಿಮೇಡ್ ಅಂಗಡಿಗಳು ಬಂದು ಕೂತವು. ಹೊಸ ಬಟ್ಟೆ ಹೊಲಿಸುವವರು ನಿಂತರು. ಜಿಪ್ಪು ಕಿತ್ತವರು, ಅಂಚು ಮಡಿಸಬೇಕಾದವರು, ಗುಂಡಿ ಕಳೆದುಕೊಂಡವರು ಮಾತ್ರ ಉಳಿದರು. ಜಿಪ್ಪಿನ ಕೆಲಸ ಕೀಳು ಅಂತ ಅವಳೇನೂ ಹೇಳುತ್ತಿರಲಿಲ್ಲ. ಆದರೆ ಯಾರೋ ಎಲ್ಲೋ ಹೊಲಿದು ಬಿಸಾಕಿದ್ದಕ್ಕೆ ತೇಪೆ ಹಾಕುತ್ತಲೇ ಬದುಕು ಮುಗಿದುಹೋಗುತ್ತದಲ್ಲ ಎಂದು ಅವಳಿಗೆ ನಿಜವಾಗಿ ಸಂಕಟವಾಗುತ್ತಿತ್ತು. ವಯಸ್ಸು ನಲವತ್ತೊಂಬತ್ತು. ಸೂಜಿಗೆ ದಾರ ಪೋಣಿಸಲು ಗಂಡನನ್ನು ಕೂಗಬೇಕಾಗಿತ್ತು. ಗಂಡ ನಿವೃತ್ತ ಬಸ್ ಕಂಡಕ್ಟರು. ಮಂಜಾಗುವುದರಲ್ಲಿ ಅವರ ಕಣ್ಣು ಅವಳದ್ದಕ್ಕಿಂತ ಒಂದು ಕೈ ಮಿಗಿಲು. ಇಬ್ಬರೂ ಸೇರಿ ಸೂಜಿಯ ಕಣ್ಣು ಹುಡುಕುವಷ್ಟರಲ್ಲಿ ಗಿರಾಕಿ ಹೋಗಿ ಟೀ ಕುಡಿದು ಬರುತ್ತಿದ್ದ.

ಹೀಗಿರುವಾಗ ಒಂದು ದಿನ ಸಣಕಲು ಮನುಷ್ಯರೊಬ್ಬರು ಸ್ಪ್ಯಾನರ್, ಡ್ರಿಲ್ ತುಂಬಿದ ಚೀಲವನ್ನು ತಂದು ಮೇಜಿನ ಮೇಲೆ ಧೊಪ್ಪನೆ ಇಟ್ಟರು. ಚೀಲದ ಜಿಪ್ಪು ಹೋಗಿತ್ತು. ಹತ್ತಿರ ಬಂದರೆ ತಾನೇ ತೆರೆದು, ದಾಟಿದ ಮೇಲೆ ತಾನೇ ಮುಚ್ಚಿಕೊಳ್ಳುವ ಗಾಜಿನ ಬಾಗಿಲುಗಳಿರುತ್ತವಲ್ಲ, ಅವನ್ನು ಕೂರಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿಸುವ ಮೇಷ್ಟ್ರು ಅವರು. ಜಿಪ್ಪು ಹಾಕುವ ಮೊದಲು ಬೆರಳಕ್ಕ ಹೊಲಿಗೆ ಯಂತ್ರದ ಬೆಲ್ಟನ್ನು ಬೆರಳಿನಿಂದ ಒಮ್ಮೆ ಮೀಟಿದಳು. ಕಿವಿ ಕೊಟ್ಟಳು. ಮೋಟಾರನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದಳು. ಮತ್ತೆ ಮೀಟಿ, "ಹ್ಞಾಂ, ಈಗ ಸರಿ" ಅಂದಳು.

ಮೇಷ್ಟ್ರ ಕಿವಿ ನೆಟ್ಟಗಾಯಿತು. "ಇದನ್ನ ಯಾರು ಹೇಳಿಕೊಟ್ರಮ್ಮಾ ನಿಮಗೆ?"

"ಯಾರು ಹೇಳಿಕೊಡ್ತಾರೆ ಸ್ವಾಮಿ? ಬೆಲ್ಟೇ ಹೇಳುತ್ತೆ."

"ನಮ್ಮ ಹುಡುಗರಿಗೆ ಬಾಯಿ ಬಾಯಿ ಬಡ್ಕೊಂಡ್ರೂ ಇದು ಬರಲ್ಲ. ಬಾಗಿಲಿನ ಬೆಲ್ಟೂ ಇದೇ ಜಾತಿ. ಕಲಿಯೋಕೆ ಬರ್ತೀರಾ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಅವಳು ನಕ್ಕಳು. ಮೇಷ್ಟ್ರು ನಗಲಿಲ್ಲ. ಅವರು ನಗುವ ಪೈಕಿಯೇ ಅಲ್ಲ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು.

ಮನೆಯಲ್ಲಿ ವಿಷಯ ಹೇಳಿದಾಗ ಕಂಡಕ್ಟರು ಮೂಗು ಮುರಿದರು. "ಅಲ್ವೇ, ಮೂವತ್ತು ವರ್ಷ ಬಾಗಿಲಲ್ಲೇ ನಿಂತು ಬದುಕಿದವನು ನಾನು. ಬಾಗಿಲಂದ್ರೆ ಏನು ಅಂತ ನನ್ನ ಕೇಳು. ಮನುಷ್ಯ ಇಲ್ದೆ ಬಾಗಿಲು ನಡೆಯಲ್ಲ."

"ಅದಕ್ಕೇ ಕಣ್ರೀ ಮನುಷ್ಯರನ್ನ ಕರೀತಿರೋದು" ಅಂದಳು ಬೆರಳಕ್ಕ. ಕಂಡಕ್ಟರು ಚಿಲ್ಲರೆ ಸಾಲದವರ ಹಾಗೆ ಜೇಬು ತಡಕಿದರು.

ತರಬೇತಿ ನಡೆಯುತ್ತಿದ್ದದ್ದು ಹಳೆಯ ಗೋದಾಮೊಂದರಲ್ಲಿ. ನಡುಮಧ್ಯೆ ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ಗಾಜಿನ ಬಾಗಿಲು. ಅಕ್ಕಪಕ್ಕ ಗೋಡೆಯೇ ಇಲ್ಲ. ಈ ಕಡೆಯಿಂದ ದಾಟಿದರೂ ಗೋದಾಮು, ಆ ಕಡೆಯಿಂದ ದಾಟಿದರೂ ಗೋದಾಮು. ಮೊದಲ ದಿನ ಬೆರಳಕ್ಕ ನೀರು ಕುಡಿಯಲು ಆಚೆ ಹೋಗಬೇಕಾಗಿ, ಚೌಕಟ್ಟನ್ನು ಬಳಸಿಕೊಂಡು ಹೋದಳು. ಯಾರಾದರೂ ಹಾಗೇ ಹೋಗುತ್ತಾರೆ. ಅಲ್ಲಿದ್ದ ಎಂಟು ಜನ ತರುಣರು 'ಹೋ' ಅಂದರು. ಮೇಷ್ಟ್ರು ಅವಳನ್ನು ವಾಪಸ್ ಕರೆದು ಬಾಗಿಲಿನ ಮೂಲಕವೇ ಕಳಿಸಿದರು. "ಬಾಗಿಲು ಕೂರಿಸೋರೇ ಅದನ್ನ ನಂಬದಿದ್ರೆ ಊರು ನಂಬುತ್ತೇನಮ್ಮಾ?" ಅಂದಿನಿಂದ ಅವಳು ಊಟಕ್ಕೆ, ನೀರಿಗೆ, ಎಲ್ಲದಕ್ಕೂ ದಿನಕ್ಕೆ ನಲವತ್ತು ಸಲ ಎಲ್ಲಿಂದಲೋ ಎಲ್ಲಿಗೋ ಆ ಬಾಗಿಲು ದಾಟಿದಳು.

ಕಲಿತದ್ದೇನು ಅಂದರೆ, ಮೇಲೆ ಒಂದು ಹಳಿ. ಹಳಿಯಲ್ಲಿ ಓಡುವ ಗಾಲಿಗಳು. ಗಾಲಿಗಳಿಗೆ ಬೋಲ್ಟಿನಿಂದ ನೇತುಹಾಕಿದ ಎರಡು ಗಾಜು, ಒಂದೊಂದೂ ಒಬ್ಬ ಆಳಿನ ತೂಕ. ಅವನ್ನು ಎಳೆಯುವ ಬೆಲ್ಟು, ಬೆಲ್ಟನ್ನು ಓಡಿಸುವ ಮೋಟಾರು. ಇಷ್ಟಾದ ಮೇಲೆ ಬಾಗಿಲಿಗೆ ಎರಡು ಕಣ್ಣು, ಅಂದರೆ ಸೆನ್ಸರುಗಳು. ಒಂದು ದೂರದಿಂದ ಬರುವವರ ಚಲನೆ ನೋಡಿ ಬಾಗಿಲು ತೆಗೆಸುತ್ತದೆ. ಇನ್ನೊಂದು ಹೊಸ್ತಿಲನ್ನೇ ಕಾಯುತ್ತಿದ್ದು, ಅಲ್ಲಿ ಯಾರಾದರೂ ಇದ್ದಷ್ಟು ಹೊತ್ತು ಮುಚ್ಚಲು ಬಿಡುವುದಿಲ್ಲ. ಇದೆಲ್ಲ ಬೆರಳಕ್ಕನಿಗೆ ಹುಡುಗರಿಗಿಂತ ಬೇಗ ತಲೆಗೆ ಹೋಯಿತು. ಬೆಲ್ಟಿನ ವಿಷಯದಲ್ಲಂತೂ ಹುಡುಗರು ಮೇಷ್ಟ್ರನ್ನು ಬಿಟ್ಟು ಅವಳನ್ನೇ ಕೇಳುವಂತಾಯಿತು. "ಅಮ್ಮಾ, ಸ್ವಲ್ಪ ಮೀಟಿ ನೋಡಿ."

ತೊಂದರೆ ಬಂದದ್ದು ಪರೀಕ್ಷೆಯಲ್ಲಿ. ಬಾಗಿಲು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು. ಬೆರಳಕ್ಕ ಅಳೆದು, ತೂತು ಕೊರೆದು, ಗಾಜು ನೇತುಹಾಕಿ, ಬೆಲ್ಟು ಮೀಟಿ, ಸ್ವಿಚ್ಚು ಒತ್ತಿದಳು. ಬಾಗಿಲು ಎಣ್ಣೆ ಹಾಕಿದ ಹಾಗೆ ತೆರೆಯಿತು. ಹಾಗೇ ಮುಚ್ಚಿತು. ಆದರೆ ಎರಡು ಗಾಜುಗಳು ಒಂದನ್ನೊಂದು ಮುಟ್ಟಲಿಲ್ಲ. ಮೇಷ್ಟ್ರು ನಡುವಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ಆಡಿಸಿದರು.

"ಇದೇನಮ್ಮಾ?"

"ಒಳಗೆ ಬಿಟ್ಟಿದ್ದೀನಿ ಮೇಷ್ಟ್ರೇ."

"ಏನನ್ನ?"

"ಜಾಗಾನ. ಮುಂದೆ ಬೇಕಾಗುತ್ತೆ."

ಮೇಷ್ಟ್ರು ಸಂದಿಯಿಂದ ಬೆರಳು ಹೊರತೆಗೆದರು. ಆಮೇಲೆ ಬಹಳ ಮೆತ್ತಗೆ, ಮಗುವಿಗೆ ಹೇಳುವಂತೆ ಹೇಳಿದರು: "ಬಾಗಿಲು ಬೆಳೆಯಲ್ಲ ಕಣಮ್ಮಾ."

ಎಂಟು ಹುಡುಗರೂ ಹೊಟ್ಟೆ ಹಿಡಿದುಕೊಂಡು ಕೂತರು. ಬೆರಳಕ್ಕನಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಳು ತಪ್ಪು ಅಳೆದಿರಲಿಲ್ಲ. ಅಳತೆ ಸರಿಯಾಗಿಯೇ ಬರೆದುಕೊಂಡಿದ್ದಳು. ಕೈ ತನ್ನಷ್ಟಕ್ಕೆ ತಾನೇ ಎರಡು ಬೆರಳು ಸೇರಿಸಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಕಲಿತ ಗುಣ ಅದಕ್ಕಿಂತ ಹಟಮಾರಿ.

ಎರಡನೇ ಪರೀಕ್ಷೆಗೆ ಅವಳು ಎರಡೂ ಬೆರಳಿಗೆ ದಾರ ಸುತ್ತಿಕೊಂಡು ಹೋದಳು, ನೆನಪಿರಲಿ ಅಂತ. ನೆನಪಿತ್ತು. ಗಾಜಿಗೆ ಗಾಜು ಕೂದಲೂ ನುಸುಳದಂತೆ ಕೂತವು. ಮೇಷ್ಟ್ರು ತಲೆಯಾಡಿಸಿದರು. ಬಾಗಿಲು ಏಳನೇ ಸಲ ತೆರೆಯುವಾಗ ಬಲಗಡೆಯ ಗಾಜು ಒಂದು ಮೂಲೆಗೆ ವಾಲಿ, ನೆಲಕ್ಕೆ ಉಜ್ಜಿ, ಗೋದಾಮಿನ ಪಾರಿವಾಳಗಳೆಲ್ಲ ಹಾರಿಹೋಗುವಂತೆ ಕಿರುಚಿ ನಿಂತಿತು. ಮೇಷ್ಟ್ರು ಏಣಿ ಹತ್ತಿ ನೋಡಿದರೆ ಗಾಜು ನೇತುಹಾಕಿದ ನಾಲ್ಕೂ ಬೋಲ್ಟುಗಳು ಕೈಯಲ್ಲೇ ತಿರುಗುತ್ತಿದ್ದವು.

"ಬಿಗಿ ಮಾಡಿಲ್ವೇನಮ್ಮಾ ಇವನ್ನ?"

ಬೆರಳಕ್ಕ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ಕಚ್ಚಾ ಹೊಲಿಗೆ ಹಾಕಿಟ್ಟಿದ್ದೆ ಮೇಷ್ಟ್ರೇ! ಟ್ರಯಲ್ ನೋಡಿ ಆಮೇಲೆ ಗಟ್ಟಿ ಮಾಡೋಣ ಅಂತ."

ಮೇಷ್ಟ್ರು ಇಳಿದು ಬಂದು ಒಂದು ಲೋಟ ನೀರು ಕುಡಿದರು. ಆಮೇಲೆ ಇನ್ನೊಂದು ಲೋಟ. ಅಲ್ಲಿ ಮೂರು ಅವಕಾಶದ ನಿಯಮ. ಮೂರನೆಯದರಲ್ಲೂ ತಪ್ಪಿದರೆ ಪ್ರಮಾಣಪತ್ರವಿಲ್ಲ, ಮತ್ತೆ ಸೇರಿಸಿಕೊಳ್ಳುವುದೂ ಇಲ್ಲ. ಪ್ರಮಾಣಪತ್ರವಿಲ್ಲದವರನ್ನು ಯಾವ ಕಂಪನಿಯೂ ಬಾಗಿಲು ಮುಟ್ಟಲು ಬಿಡುವುದಿಲ್ಲ.

ಆ ರಾತ್ರಿ ಅವಳು ಗಂಡನ ಎದುರು ಬಾಯಿಬಿಟ್ಟು ಹೇಳಿಯೇಬಿಟ್ಟಳು: "ನನಗೆ ಭಯ ಆಗ್ತಿದೆ ಕಣ್ರೀ. ಇದು ಹೋದ್ರೆ ಸಾಯೋವರೆಗೂ ಜಿಪ್ಪೇ."

ಕಂಡಕ್ಟರು ಸಮಾಧಾನ ಹೇಳುವುದರಲ್ಲಿ ಅಷ್ಟು ಜಾಣರಲ್ಲ. ಆದರೆ ಮರುದಿನದಿಂದ ಅವರೇ ಪರೀಕ್ಷಕರಾದರು. ಅವಳು ಅಡುಗೆಮನೆಯ ಕಪಾಟಿನ ಬಾಗಿಲುಗಳನ್ನೆಲ್ಲ ಕಳಚಿ ಮತ್ತೆ ಜೋಡಿಸಬೇಕು. ಅವರು ಸ್ಪ್ಯಾನರ್ ಹಿಡಿದು ಒಂದೊಂದು ಬೋಲ್ಟನ್ನೂ ಟಿಕೆಟ್ ಚೆಕ್ ಮಾಡಿದ ಹಾಗೆ ತಪಾಸಣೆ ಮಾಡಬೇಕು. "ಇದು ಆಯ್ತು. ಇದು ಆಯ್ತು. ಇದ್ಯಾಕೆ ಅಲ್ಲಾಡ್ತಿದೆ?" ಮೂರು ವಾರ ಆ ಮನೆಯಲ್ಲಿ ಸಕ್ಕರೆ ಡಬ್ಬ ತೆಗೆಯಬೇಕಾದರೂ ಅನುಮತಿ ಬೇಕಾಗಿತ್ತು.

ಮೂರನೇ ಪರೀಕ್ಷೆ ಗೋದಾಮಿನಲ್ಲಿ ಅಲ್ಲ, ನಿಜವಾದ ಜಾಗದಲ್ಲಿ. ಒಂದು ಮೂಳೆ ಆಸ್ಪತ್ರೆ. ಕೈಯಿಂದ ತಳ್ಳುವ ಹಳೆಯ ಬಾಗಿಲು ತೆಗೆದು ಹೊಸದು ಹಾಕಬೇಕು. ಎರಡು ದಿನದ ಕೆಲಸ. ಗಾಜು ಎತ್ತಲು ಇಬ್ಬರು ಹುಡುಗರ ಸಹಾಯವಿದೆ, ಬುದ್ಧಿ ಮಾತ್ರ ಅವಳದ್ದೇ ಇರಬೇಕು. ಕೊನೆಯಲ್ಲಿ ಆಸ್ಪತ್ರೆಯವರು 'ಬಾಗಿಲನ್ನು ಒಪ್ಪಿಕೊಂಡಿದ್ದೇವೆ' ಎಂದು ಹಾಳೆಗೆ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಮೇಷ್ಟ್ರೂ ಪಾಸು ಮಾಡುವಂತಿಲ್ಲ.

ಸಹಿ ಹಾಕಬೇಕಾದವರು ಅಲ್ಲಿನ ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ಮುಖ. ಬೆರಳಕ್ಕ ಕೆಲಸ ಶುರುಮಾಡುವ ಮೊದಲು ನೆಲದ ಮೇಲೆ ರಸಮಟ್ಟ ಇಟ್ಟು, ಅದರ ಗುಳ್ಳೆ ಸರಿದದ್ದು ನೋಡಿ, "ಸಾರ್, ನಿಮ್ಮ ನೆಲ ಡೊಂಕಾಗಿದೆ" ಅಂದಳು.

ಮ್ಯಾನೇಜರು ಮೇಷ್ಟ್ರ ಕಡೆ ತಿರುಗಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕರು. ಮೇಷ್ಟ್ರು ಬಗ್ಗಿ ನೋಡಿದರು. ಒಂದು ತುದಿಯಿಂದ ಇನ್ನೊಂದಕ್ಕೆ ಎಂಟು ಮಿಲಿಮೀಟರ್ ಇಳಿಜಾರು. ಗಾದೆಗಳು ಯಾವಾಗಲೂ ರಸಮಟ್ಟ ಇಟ್ಟು ಹುಟ್ಟುವುದಿಲ್ಲ. ಆದರೆ ಮ್ಯಾನೇಜರಿಗೆ ಅವಳ ಮೇಲೆ ಅಲ್ಲಿಗೇ ಸ್ವಲ್ಪ ಬಿಸಿ ಹತ್ತಿತು.

ಎರಡನೇ ದಿನ ಮೂರು ಗಂಟೆಗೆಲ್ಲ ಬಾಗಿಲು ಎದ್ದು ನಿಂತಿತು. ನಡುವೆ ಸಂದಿಯಿಲ್ಲ. ಬೋಲ್ಟುಗಳನ್ನು ಅವಳು ಎರಡು ಸಲ ಬಿಗಿ ಮಾಡಿ, ಮೂರನೇ ಸಲ ಹುಡುಗರಿಂದ ಮಾಡಿಸಿದ್ದಳು. ಬೆಲ್ಟು ಮೀಟಿದರೆ ಸರಿಯಾದ ದನಿ. ಮೇಷ್ಟ್ರು ಒಂದೊಂದನ್ನೂ ನೋಡಿ ಗುರುತು ಹಾಕುತ್ತ ಹೋದರು. ಊಟದ ಡಬ್ಬಿ ತಂದು ರೋಗಿಗಳ ಬೆಂಚಿನಲ್ಲೇ ಠಿಕಾಣಿ ಹೂಡಿದ್ದ ಕಂಡಕ್ಟರು, ಪಕ್ಕದಲ್ಲಿ ಕೂತವರಿಗೆಲ್ಲ "ನಮ್ಮ ಮನೆಯವಳು" ಎಂದು ತೋರಿಸುತ್ತಿದ್ದರು. ಸಹಿ ಒಂದು ಬಾಕಿ.

ಮ್ಯಾನೇಜರು ಬಂದರು, ಸರಸರ ದಾಟಿದರು, ತಿರುಗಿ ನಿಂತು ವಾಚು ನೋಡಿದರು. "ಇಷ್ಟು ಹೊತ್ತು ಯಾಕೆ ತೆರೆದಿರುತ್ತೆ ಇದು? ಒಳಗಿನ ತಂಪೆಲ್ಲ ಬೀದಿಗೆ ಹೋಗುತ್ತೆ. ದಾಟಿದ ತಕ್ಷಣ ಮುಚ್ಚಬೇಕು."

"ಐದು ಸೆಕೆಂಡ್ ಇಟ್ಟಿದ್ದೀನಿ ಸಾರ್."

"ಎರಡು ಮಾಡಿ. ಆಮೇಲೆ ಸಹಿ."

ಬೆರಳಕ್ಕ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನೆಲ ನೋಡಿದರು. "ಪುಸ್ತಕದ ಪ್ರಕಾರ ಎರಡೂ ತಪ್ಪಲ್ಲಮ್ಮಾ. ಜಾಗ ನೋಡಿ ನಿರ್ಧಾರ ಮಾಡಬೇಕು ಅಂತಿದೆ. ಅದು ನಿಮಗೂ ಅವರಿಗೂ ಬಿಟ್ಟದ್ದು."

ಒಂದು ಗುಂಡಿ ಮೂರು ಸಲ ಒತ್ತಿದರೆ ಮುಗಿಯಿತು. ಪ್ರಮಾಣಪತ್ರ ಕೈಗೆ. ಅವಳು ಏಣಿ ಹತ್ತಿ ಕೈಯನ್ನು ಗುಂಡಿಯವರೆಗೆ ಒಯ್ದಳು ಕೂಡ. ಆದರೆ ಎರಡು ದಿನ ಏಣಿಯ ಮೇಲೆ ನಿಂತು ಅವಳು ಬೋಲ್ಟು ಮಾತ್ರ ನೋಡಿರಲಿಲ್ಲ. ಕೆಳಗೆ ಬಂದುಹೋದವರನ್ನೂ ನೋಡಿದ್ದಳು. ಊರುಗೋಲು ಊರಿ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಊರುವವರು. ದರ್ಜಿ ಬಟ್ಟೆಯನ್ನು ನೋಡಿ ಅಳತೆ ತೆಗೆಯುವುದಿಲ್ಲ, ಹಾಕಿಕೊಳ್ಳುವವರನ್ನು ನೋಡಿ ತೆಗೆಯುತ್ತಾಳೆ.

"ಸಾರ್," ಅಂದಳು, "ನೀವು ಹೇಳಿದ ಹಾಗೇ ಎರಡು ಮಾಡ್ತೀನಿ. ಆದರೆ ಟ್ರಯಲ್ ಕೊಡದೆ ನಾನು ಯಾವತ್ತೂ ಯಾರಿಗೂ ಬಟ್ಟೆ ಕೊಟ್ಟವಳಲ್ಲ."

"ಇದು ಬಟ್ಟೆ ಅಲ್ಲಮ್ಮ, ಬಾಗಿಲು."

"ಅದೇ ಸಾರ್, ಬಾಗಿಲಿನ ಟ್ರಯಲ್ಲು. ನಿಮ್ಮ ಕಾಲಲ್ಲಿ ಅಲ್ಲ, ಅವರ ಕಾಲಲ್ಲಿ."

ಮ್ಯಾನೇಜರು ಆಗಲ್ಲ ಅನ್ನುತ್ತಿದ್ದರೋ ಏನೋ. ಅಷ್ಟರಲ್ಲಿ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಇತ್ತಲೇ ತಿರುಗಿದ್ದರು, ಕಂಡಕ್ಟರು ಎದ್ದೇ ನಿಂತಿದ್ದರು. ಅಷ್ಟು ಜನರ ಮುಂದೆ ಹೆದರಿದರು ಅನ್ನಿಸಿಕೊಳ್ಳಲು ಇಸ್ತ್ರಿ ಅಂಗಿಗೆ ಮನಸ್ಸಾಗಲಿಲ್ಲ. ನರ್ಸೊಬ್ಬಳು ಎರಡು ಊರುಗೋಲು ತಂದಳು. ಬೆರಳಕ್ಕ ಗುಂಡಿ ಒತ್ತಿ ಎರಡು ಮಾಡಿ, ಏಣಿ ಇಳಿದು ಬಂದು, ಮ್ಯಾನೇಜರ ಬಲಗಾಲನ್ನು ಮೊಣಕಾಲಿಗೆ ಮಡಿಸಿ, ಬ್ಯಾಂಡೇಜು ಸುತ್ತಿ, ಇಪ್ಪತ್ತಾರು ವರ್ಷದ ಕೈಯಲ್ಲಿ ಒಂದು ಗಂಟು ಹಾಕಿದಳು. ಆಮೇಲೆ ಅವರ ಬೆನ್ನಿಗೇ ಎರಡೂ ಕೈ ಚಾಚಿಕೊಂಡು ನಿಂತಳು.

ಮ್ಯಾನೇಜರು ಕುಂಟುತ್ತ ಹೊರಟರು. ಬಾಗಿಲು ತೆರೆಯಿತು. ಇನ್ನೆರಡು ಹೆಜ್ಜೆ ಇರುವಾಗ ಅವರು ಊರುಗೋಲು ಸರಿಮಾಡಿಕೊಳ್ಳಲು ನಿಂತರು. ಅಲ್ಲಾಡದೆ ನಿಂತವರು ದೂರದ ಕಣ್ಣಿಗೆ ಕಾಣುವುದಿಲ್ಲ. ಎರಡು ಸೆಕೆಂಡು ಆಯಿತು, ಬಾಗಿಲು ಹೊರಟಿತು. ಗಾಜು ತಮ್ಮ ಕಡೆಗೇ ಬರುತ್ತಿದೆ ಅನ್ನಿಸಿ ಮ್ಯಾನೇಜರು 'ಹೇಯ್' ಎಂದು ಮುಂದಕ್ಕೆ ಹಾರಿದರು. ಬಾಗಿಲು ಅವರನ್ನು ಕಂಡು ತಕ್ಷಣ ಮತ್ತೆ ತೆರೆಯಿತು, ಕೂದಲೂ ಸೋಕಲಿಲ್ಲ. ಆದರೆ ಊರುಗೋಲು ಒಂದು ಕಡೆ, ಮ್ಯಾನೇಜರು ಒಂದು ಕಡೆ. ಹಿಂದಿನಿಂದ ಬೆರಳಕ್ಕ ಕಂಕುಳಲ್ಲಿ ಕೈ ಹಾಕಿ ಹಿಡಿದದ್ದರಿಂದ ಅವರು ಬೀಳಲಿಲ್ಲ. ಹೊಸ್ತಿಲ ಮೇಲೆ ನಿಧಾನಕ್ಕೆ, ಮರ್ಯಾದೆಯಾಗಿ ಕೂತರು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮ್ಯಾನೇಜರು ಕೆಂಪು ಮುಖದಲ್ಲಿ ಗಂಟು ಬಿಚ್ಚಲು ನೋಡಿದರು. ಬಿಚ್ಚಲಿಲ್ಲ. ಬೆರಳಕ್ಕ ಬಗ್ಗಿದರೆ "ದೂರ ಹೋಗಿ!" ಎಂದು ಗದರಿದರು. ಬಾಗಿಲು ಮಾತ್ರ, ಹೊಸ್ತಿಲಲ್ಲಿ ಒಬ್ಬರು ಇದ್ದಾರೆ ಎಂದು ತೆರೆದುಕೊಂಡೇ ನಿಂತಿತ್ತು. ತಂಪೆಲ್ಲ ಬೀದಿಗೆ ಹೋಯಿತು.

ಆಗ ಹೊರಗಿನಿಂದ ಅಜ್ಜಿಯೊಬ್ಬರು ನಾಲ್ಕು ಕಾಲಿನ ಊರುಗೋಲು ತಳ್ಳಿಕೊಂಡು ಬಂದರು. ಕೆಳಗೆ ಕೂತವರ ಕಾಲಿನ ಬ್ಯಾಂಡೇಜು ನೋಡಿ ಅವರ ಮನಸ್ಸು ಕರಗಿತು.

"ಹೊಸಬ್ರಾ ಮಗಾ ನೀವು? ಅಳಬೇಡಿ. ಮೊದಲ ವಾರ ನನಗೂ ಹೀಗೇ ಆಗಿತ್ತು. ಕಾಲು ನಮ್ಮ ಮಾತು ಕೇಳಲ್ಲ, ಬಾಗಿಲು ನಮ್ಮನ್ನ ಕಾಯಲ್ಲ. ಇಲ್ಲೇ ಕೂತ್ಕೊಳ್ಳಿ, ಯಾರಾದ್ರೂ ಎತ್ತುತ್ತಾರೆ. ಇಲ್ಲಿ ಎಲ್ರೂ ಒಳ್ಳೆಯವರು. ಮ್ಯಾನೇಜರ್ ಅಂತ ಒಬ್ಬ ಇದ್ದಾನಂತೆ, ಅವನ ಕಣ್ಣಿಗೆ ಮಾತ್ರ ಬೀಳಬೇಡಿ."

ಇಷ್ಟು ಹೇಳಿ, ಅವರ ತಲೆ ಸವರಿ, ಅಜ್ಜಿ ಒಂದೊಂದೇ ಹೆಜ್ಜೆ ಇಟ್ಟು ಪಕ್ಕದಲ್ಲಿ ದಾಟಿಹೋದರು. ಹೊಸ್ತಿಲ ಈ ಬದಿಯಿಂದ ಆ ಬದಿಗೆ ಅವರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಮ್ಯಾನೇಜರು ಕೂತಲ್ಲಿಂದಲೇ ನೋಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಮೊದಲು ಎಷ್ಟು ಇಟ್ಟಿದ್ರಿ?" ಎಂದು ಕೇಳಿದರು.

"ಐದು ಸಾರ್."

"ಏಳು ಮಾಡಿ. ಮತ್ತೆ ಈ ಗಂಟು ಬಿಚ್ಚಿ."

ಗಂಟು ಬಿಚ್ಚಿ, ಏಣಿ ಹತ್ತಿ ಏಳು ಮಾಡಿ ಇಳಿಯುವಷ್ಟರಲ್ಲಿ ಮ್ಯಾನೇಜರು ಹಾಳೆಗೆ ಸಹಿ ಹಾಕಿ, ಅಂಗಿ ಕೊಡವಿಕೊಂಡು ಒಳಗೆ ಹೋಗಿಯೂ ಆಗಿತ್ತು. ಮೇಷ್ಟ್ರು ಹಾಳೆ ಓದಿದರು. ಅವರ ಮುಖದಲ್ಲಿ ಏನೋ ಅಲ್ಲಾಡಿತು. ಅಲ್ಲಿಲ್ಲದ ಹುಡುಗರಿಗೆ ಆಮೇಲೆ ಹೇಳಿದರೆ ಅವರು ನಂಬಲಿಲ್ಲ, ಆದರೆ ಅದು ನಗುವೇ. "ಪಾಸು ಕಣಮ್ಮಾ" ಎಂದು ಹಾಳೆಯ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಕೂತು ಬೆರಳಕ್ಕ ಅದನ್ನು ಗಂಡನ ಕೈಗಿತ್ತಳು; ಕನ್ನಡಕ ಸಾಲದೆ ಇಬ್ಬರೂ ಸೇರಿ ಓದಿದರು. ಸಹಿಯ ಮೇಲೆ 'ಗ್ರಾಹಕರ ಅಭಿಪ್ರಾಯ' ಎಂಬ ಜಾಗದಲ್ಲಿ ಒಂದೇ ಸಾಲು: 'ಬಾಗಿಲು ಚೆನ್ನಾಗಿದೆ. ಕೂರಿಸಿದವರ ಬಾಯಿ ಜೋರು.'

ಕಂಡಕ್ಟರು ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕರು. "ಇದಕ್ಕೆ ಆಸ್ಪತ್ರೆ ಯಾಕೆ ಬೇಕಿತ್ತು? ನನ್ನ ಕೇಳಿದ್ರೆ ನಾನೇ ಬರೆದುಕೊಡ್ತಿದ್ದೆ."

ಬೆರಳಕ್ಕ ನಗಲು ಹೋದಳು, ಆಗಲಿಲ್ಲ. ಹಾಳೆಯನ್ನು ವಾಪಸ್ ತೆಗೆದುಕೊಂಡು ಮೊದಲ ಎರಡು ಪದಗಳ ಮೇಲೆ ಬೆರಳಾಡಿಸಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹೊಲಿದ ಬಟ್ಟೆ ತೊಟ್ಟು ಒಂದಿಡೀ ಬೀದಿ ಬೆಳೆದಿತ್ತು. ಚೆನ್ನಾಗಿದೆ ಅಂತ ಯಾರೂ ಬರೆದು ಕೊಟ್ಟಿರಲಿಲ್ಲ.